ನಗುವಿಗೆ ಮುಂಚಿನ ಅಳು

ಬೆಳಿಗ್ಗೆ ಅಕ್ಕನ ಮುಂದೆ ತಮ್ಮನು ಕಂಪ್ಯೂಟರ್ ತೆರೆದಾಗ, ಅಮ್ಮನ ಬಗ್ಗೆ ಇಬ್ಬರೂ ಸೇರಿ ಮಾಡಿದ್ದ ಸಾಕ್ಷ್ಯಚಿತ್ರದ ಮೊದಲ ದೃಶ್ಯದ ಜಾಗದಲ್ಲಿ ಬರೀ ಕಪ್ಪು. ಮೇಜಿನ ಮೇಲಿದ್ದ ಪುಟ್ಟ ಡಿಸ್ಕ್ ಮಾಯವಾಗಿತ್ತು. ಅಪ್ಪ ತೀರಿಕೊಂಡ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಅಮ್ಮ ಅತ್ತ ದೃಶ್ಯ ಇದ್ದದ್ದು ಅದರಲ್ಲಿ ಮಾತ್ರ. ಸಂಜೆಯೊಳಗೆ ಚಿತ್ರವನ್ನು ಚಿತ್ರೋತ್ಸವಕ್ಕೆ ಕಳಿಸಬೇಕು!

"ನೀನೇ ಬಚ್ಚಿಟ್ಟಿದ್ದೀಯ," ಎಂದಳು ಅಕ್ಕ.

ನಿರ್ದೇಶಕಿ ಅವಳು, ಸಂಕಲನಕಾರ ತಮ್ಮ. ಕಾಲವನ್ನು ಹಿಂದುಮುಂದು ಮಾಡಿ ಹೇಳೋಣ ಎಂದು ಅವಳು, ನಡೆದ ಹಾಗೆಯೇ ಹೇಳೋಣ ಎಂದು ಅವನು — ವಾರಗಟ್ಟಲೆ ಜಗಳ. ನಿನ್ನೆ ಒಲ್ಲದ ಮನಸ್ಸಿನಿಂದ ಅವಳು ಹೇಳಿದಂತೆ ಜೋಡಿಸಿದ್ದ: ಮೊದಲು ಆ ಅಳು, ಬೆನ್ನಿಗೇ ಅದಕ್ಕೂ ಎರಡು ವರ್ಷ ಹಿಂದೆ ತಾರಸಿಯಲ್ಲಿ ಅಮ್ಮ ನಕ್ಕ ನಗು. ಡಿಸ್ಕ್ ಸಿಗದಿದ್ದರೆ ಇನ್ನು ಈ ಕೋಣೆಗೆ ಕಾಲಿಡಬೇಡ ಎಂದಳು ಅಕ್ಕ.

ಅಮ್ಮನ ಅಕ್ಕ, ಪೊಲೀಸ್ ಕೆಲಸದಿಂದ ನಿವೃತ್ತಳಾದ ದೊಡ್ಡಮ್ಮ, ವಿಚಾರಣೆಗೆ ಕುಳಿತಳು.

ಕ್ಯಾಮೆರಾದವನು ನಿನ್ನೆ ಮನೆಗೆ ಬಂದಿದ್ದ. ತೆರೆಯ ಮೇಲೆ ತನ್ನ ಹೆಸರು ಚಿಕ್ಕದಾಗಿದೆ ಎಂದು ಮುನಿಸಿಕೊಂಡು ಹೋಗಿದ್ದ. ಫೋನ್ ಮಾಡಿದರೆ ಅವನಿಗೇ ದಿಗಿಲು. "ಆ ಅಳು ಕೊನೇಲಿ ಬರೋದಲ್ವಾ? ಅದಿಲ್ದೆ ಚಿತ್ರ ಮುಗಿಯೋದಾದ್ರೂ ಹೇಗೆ?"

ಅಮ್ಮ ಬಟ್ಟೆ ಮಡಿಸುತ್ತಿದ್ದಳು. ಚಿತ್ರವನ್ನು ತಾನಿನ್ನೂ ನೋಡಿಲ್ಲ, ಥಿಯೇಟರಿನಲ್ಲೇ ನೋಡುವುದು ಎಂದಳು. "ಹೋಗ್ಲಿ ಬಿಡಕ್ಕ. ಅತ್ತು ಕಣ್ಣೊರೆಸ್ಕೊಳ್ಳೋ ಮೊದ್ಲೇ ನಗೋ ಹೆಂಗಸನ್ನ ಯಾರು ನೋಡ್ತಾರೆ?"

ದೊಡ್ಡಮ್ಮ ಹೊದಿಕೆಯ ಇನ್ನೊಂದು ತುದಿ ಹಿಡಿದು ಮಡಿಸಲು ನೆರವಾದಳು. ಆಮೇಲೆ ಮಕ್ಕಳನ್ನು ಕರೆದಳು.

"ಕ್ಯಾಮೆರಾದವನಲ್ಲ. ಅಳು ಎಲ್ಲಿ ಬರುತ್ತೆ ಅನ್ನೋದೇ ಅವನಿಗೆ ಗೊತ್ತಿಲ್ಲ, ಅದಿಲ್ದೆ ಚಿತ್ರ ಮುಗಿಯಲ್ಲ ಅಂತ ಅವನಿಗೇ ಭಯ. ಇವನೂ ಅಲ್ಲ. ಬೇಡವಾಗಿದ್ರೆ ಕೂತಲ್ಲೇ ಗುಂಡಿ ಒತ್ತಿ ಅಳಿಸ್ತಿದ್ದ, ಡಿಸ್ಕ್ ಯಾಕೆ ಕದೀಬೇಕು?" ಅಮ್ಮನತ್ತ ತಿರುಗಿದಳು. "ನೀನು ನಕ್ಕಿದ್ದು ಮೊದ್ಲು, ಅತ್ತಿದ್ದು ಎರಡು ವರ್ಷ ಆದ್ಮೇಲೆ. ಅತ್ತ ಕೂಡ್ಲೇ ನಗೋದು ಇವರ ಚಿತ್ರದಲ್ಲಿ ಮಾತ್ರ. ನೋಡದೇ ಇರೋ ನಿಂಗೆ ಅದು ಹೇಗೆ ಗೊತ್ತಾಯ್ತು, ಹೇಳೇ?"

ಮಡಿಸಿಟ್ಟ ಬಟ್ಟೆಗಳ ಅಡಿಯಿಂದ ಅಮ್ಮ ಡಿಸ್ಕ್ ತೆಗೆದಳು. ನಿನ್ನೆ ಊಟಕ್ಕೆ ಕರೆಯಲು ಬಂದವಳು ತೆರೆ ನೋಡುತ್ತ ಬಾಗಿಲಲ್ಲೇ ನಿಂತುಬಿಟ್ಟಿದ್ದಳಂತೆ.

"ನಿಮ್ಮಪ್ಪ ಹೋಗಿದ್ದಕ್ಕೇ ನಾನು ನಕ್ಕ ಹಾಗೆ ಕಾಣ್ತಿತ್ತು ಕಣೇ."

ಅಕ್ಕ ಕುರ್ಚಿ ಎಳೆದು ಅಮ್ಮನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಅಳುವಿಗೂ ನಗುವಿಗೂ ನಡುವೆ ಏನಿಡಲಿ ಎಂದು ಕೇಳಿದಳು.

"ಗಾಳೀಲಿ ಹಾರಿದ ಟೋಪಿ ಹಿಂದೆ ನಿಮ್ಮಪ್ಪ ತಾರಸಿ ತುಂಬ ಓಡಿದ್ರಲ್ಲ, ಅದಕ್ಕೇ ನಕ್ಕಿದ್ದು ನಾನು. ಅದನ್ನಿಡು."

ತಮ್ಮ ಆಗಲೇ ಅದನ್ನು ಹುಡುಕತೊಡಗಿದ್ದ.

"ಸ್ವಲ್ಪ ಜಾಗ ಬಿಡೋ," ಎಂದು ಅಕ್ಕ ಅವನ ಪಕ್ಕ ಕುಳಿತಳು.