ಅಂಚು ಬಾಗಿದ ತಾಟು

“ಇವರ ಹಿಂದ ನಿಂದ್ರು ಅಮರಿ. ಅಲ್ಲಾಡಬ್ಯಾಡ,” ಎಂದು ಅಪ್ಪ ಬಸ್ಸಪ್ಪ ಮಗಳನ್ನು ಒಬ್ಬ ದಪ್ಪ ಮನುಷ್ಯನ ಕುರ್ಚಿಯ ಹಿಂದೆ ನಿಲ್ಲಿಸಿದ. “ಅವರು ಏಳ್ತಿದ್ದಂಗ ನೀ ಕುಂದ್ರು. ಬ್ಯಾರೆ ಯಾರಿಗೂ ಬಿಡಬ್ಯಾಡ.”

ಅಮರಿ ನಿಂತಳು. ಹಸನ್‌ಸಾಬರ ಕಬಾಬ್ ಹೋಟೆಲಿನಲ್ಲಿ ಭಾನುವಾರ ಸಂಜೆ ಜಾಗ ಹಿಡಿಯುವ ರೀತಿಯೇ ಇದು. ಉಣ್ಣುವವರ ಬೆನ್ನ ಹಿಂದೆ ಹೋಗಿ ನಿಲ್ಲಬೇಕು. ಅವರ ಪ್ಲೇಟನ್ನೇ ನೋಡುತ್ತಿರಬೇಕು. ದಿಟ್ಟಿಸಿ ನೋಡಿದರೆ ಬೇಗ ಉಂಡು ಏಳುತ್ತಾರೆ ಎಂದು ಎಲ್ಲರ ನಂಬಿಕೆ. ಈ ದಪ್ಪ ಮನುಷ್ಯ ಮಾತ್ರ ಅದಕ್ಕೆಲ್ಲ ಜಗ್ಗುವ ಆಸಾಮಿಯಾಗಿರಲಿಲ್ಲ. ಒಂದೊಂದು ತುಂಡಿಗೂ ನಿಂಬೆಹಣ್ಣು ಹಿಂಡಿ, ಉಳ್ಳಾಗಡ್ಡಿ ಇಟ್ಟು, ಕಣ್ಣು ಮುಚ್ಚಿ ಅಗಿಯುತ್ತಿದ್ದ.

ಸಿಂಧನೂರಿನಲ್ಲಿ ಮಸ್ಕಿ ರಸ್ತೆಯ ಬದಿಗೆ ತಗಡಿನ ಶೆಡ್ಡು, ಅದೇ ಹೋಟೆಲು. ಬಾಗಿಲ ಪಕ್ಕದಲ್ಲಿ ಉದ್ದನೆಯ ಕಬ್ಬಿಣದ ಒಲೆ. ಅದರ ತುಂಬಾ ನಿಗಿನಿಗಿ ಕೆಂಡ. ಹಸನ್‌ಸಾಬರು ಒಂದು ಕೈಯಲ್ಲಿ ಬೀಸಣಿಗೆ ಬೀಸುತ್ತ, ಇನ್ನೊಂದು ಕೈಯಲ್ಲಿ ಕಬಾಬಿನ ಸರಳು ತಿರುಗಿಸುತ್ತಿದ್ದರು. ಕೊಬ್ಬು ಕೆಂಡಕ್ಕೆ ಬಿದ್ದಾಗೆಲ್ಲ ಚುಂಯ್ ಎಂದು ಹೊಗೆ ಏಳುತ್ತಿತ್ತು. ಲಿಂಗಸುಗೂರಿನಿಂದ ಬರುವ ಬಸ್ಸು ಅಲ್ಲಿ ನಿಧಾನವಾದರೆ ಸಾಕು, ಒಳಗಿದ್ದವರು ಕಿಟಕಿಯಿಂದ ಮೂಗು ಹೊರಗೆ ಹಾಕುತ್ತಿದ್ದರು.

ಅಪ್ಪನಿಗೆ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಕೆಲಸ ಪರ್ಮನೆಂಟ್ ಆಗಿತ್ತು. “ಏನ್ ಬೇಕು ಕೇಳವ್ವ,” ಎಂದು ಅಪ್ಪ ಅಂದಾಗ, ಅಮರಿ ಹೊಸ ಫ್ರಾಕನ್ನೂ ಕೇಳಲಿಲ್ಲ, ಸೈಕಲ್ಲನ್ನೂ ಕೇಳಲಿಲ್ಲ. ಹಸನ್‌ಸಾಬರ ಹೋಟೆಲಿಗೆ ಹೋಗೋಣ ಅಂದಳು. ಅದಕ್ಕೆ ಕಾರಣ ವನಜಾ.

ವನಜಾ ಐದನೇ ಕ್ಲಾಸಿನಲ್ಲಿ ಅಮರಿಯ ಪಕ್ಕದಲ್ಲೇ ಕೂರುವ ಹುಡುಗಿ. ಅವಳ ಅಪ್ಪ ನರಸಣ್ಣನದು ಗೊಬ್ಬರದ ಅಂಗಡಿ. ಪ್ರತಿ ಸೋಮವಾರ ಪ್ರೇಯರ್ ಮುಗಿದದ್ದೇ ತಡ, ವನಜಾಳ ಕಬಾಬಿನ ಕತೆ ಶುರುವಾಗುತ್ತಿತ್ತು. ಕೇಳಿ ಕೇಳಿ ಅಮರಿಗೆ ಸಾಕಾಗಿತ್ತು. “ಈ ಸಂಡೇ ನಾವೂ ಹೊಂಟೀವಿ,” ಎಂದು ಶನಿವಾರವೇ ಹೇಳಿಬಿಟ್ಟಿದ್ದಳು. “ಹೌದಾ? ಹಂಗಾರ ಅಲ್ಲೇ ಸಿಗ್ತೀವಲ್ಲ,” ಎಂದಿದ್ದಳು ವನಜಾ.

ಆ ಮಾತು ಕೇಳಿದಾಗಿನಿಂದ ಅಮರಿಗೆ ಒಂದೇ ಚಿಂತೆ. ಅದು ಅಜ್ಜಿಯ ಚಿಂತೆ.

ಅಜ್ಜಿ ಯಂಕಮ್ಮ ಹಳ್ಳಿಯಿಂದ ಬಂದು ವಾರವಾಗಿತ್ತು. ಅವಳಿಗೆ ಕುರ್ಚಿ ಕಂಡರೂ ನೆಲದ ಮೇಲೆ ಕೂರುವ ಅಭ್ಯಾಸ. ಮಾತಾಡಿದರೆ ಆಚೆ ಓಣಿಗೆ ಕೇಳಬೇಕು. ಅದಕ್ಕೇ ದಾರಿಯುದ್ದಕ್ಕೂ ಅಮರಿ ಪಾಠ ಹೇಳಿಕೊಂಡೇ ಬಂದಿದ್ದಳು.

“ಅಜ್ಜಿ, ಅಲ್ಲಿ ಜೋರಾಗಿ ಮಾತಾಡಬ್ಯಾಡ.”

“ಆತು ಬಿಡವ್ವ.”

“ನೆಲದ ಮ್ಯಾಲ ಕುಂದ್ರಬ್ಯಾಡ. ಸೆರಗಿನ್ಯಾಗ ಏನೂ ಕಟ್ಕೋಬ್ಯಾಡ.”

“ಆತು ಬಿಡವ್ವ.”

ಎಲ್ಲದಕ್ಕೂ ಆತು ಅಂದ ಅಜ್ಜಿ ಹೋಟೆಲು ಬಂದಾಗ ಒಳಗೇ ಬರಲಿಲ್ಲ. ಚಪ್ಪಲಿ ಬಿಡುವ ಜಾಗದಲ್ಲಿ ನಿಂತುಬಿಟ್ಟಳು. “ನಾ ಇಲ್ಲೇ ಇರ್ತೀನಿ. ನನಗೊಂದೀಟು ಇಲ್ಲೇ ತಂದ್ಕೊಡ್ರಿ,” ಎಂದಳು. ಅಮರಿಗೆ ಅಳು ಬರುವುದೊಂದು ಬಾಕಿ. ಕೊನೆಗೆ ಅವ್ವ ಪಾರ್ವತೆಮ್ಮ ಅತ್ತೆಯ ಕೈ ಹಿಡಿದು ಒಳಗೆ ಕರೆತಂದಳು.

ದಪ್ಪ ಮನುಷ್ಯ ಅಂತೂ ಇಂತೂ ಎದ್ದ, ಟೇಬಲ್ಲು ಖಾಲಿಯಾಯಿತು. ಅಮರಿ ಟಣ್ಣನೆ ಹಾರಿ ಕೂತಳು. ಅಜ್ಜಿ ಕುರ್ಚಿಯ ತುದಿಯಲ್ಲಿ ಇನ್ನೇನು ಬೀಳುತ್ತಾಳೇನೋ ಎಂಬಂತೆ ಕೂತಳು. ಸುತ್ತ ನೋಡಿದಳು.

“ನಳ ಎಲ್ಲೈತಿ?” ಎಂದು ಕೇಳಿದಳು.

“ಮನ್ಯಾಗ ಕೈ ತೊಳ್ಕೊಂಡೇ ಬಂದೆಲ್ಲಬೇ ಅಜ್ಜಿ.”

“ಎಲ್ಲೈತಿ ಅಂತ ಕೇಳ್ದೆ, ಅಷ್ಟ.”

ಅಮರಿ ಬೆರಳು ತೋರಿಸಿದಳು. ಒಲೆಯ ಪಕ್ಕದಲ್ಲೇ ನಳವಿತ್ತು. ಅದರ ಕೆಳಗೆ ಹಸನ್‌ಸಾಬರ ಹೆಂಡತಿ ಮಾಬುಬೀ ಗುಡ್ಡದಷ್ಟು ಮುಸುರೆ ಪ್ಲೇಟು ಒಟ್ಟಿಕೊಂಡು ತೊಳೆಯುತ್ತಿದ್ದಳು. ಒಂದು ತೊಳೆದು ಇಡುವಷ್ಟರಲ್ಲಿ ಇನ್ನೆರಡು ಬಂದು ಬೀಳುತ್ತಿದ್ದವು. ಅಜ್ಜಿ ಆ ಕಡೆ ಒಮ್ಮೆ ನೋಡಿ, ಸಮಾಧಾನವಾದವಳಂತೆ ತಲೆಯಾಡಿಸಿದಳು.

“ಪ್ಲೇಟ್ ಬರ್ಲಿ ಸ್ವಲ್ಪ ತಡೀರಿ!” ಎಂದು ಹಸನ್‌ಸಾಬರು ಒಲೆಯ ಕಡೆಯಿಂದ ಕೂಗಿದರು. “ಕಬಾಬ್ ರೆಡಿ ಅದಾವ, ಪ್ಲೇಟ್ ಇಲ್ಲ!”

ಪ್ಲೇಟು ಬಂದವು. ಅಜ್ಜಿಗೆ ಬಂದ ಸ್ಟೀಲಿನ ಪ್ಲೇಟಿನ ಅಂಚು ಒಂದು ಕಡೆ ಬಾಗಿತ್ತು. ಯಾವಾಗಲೋ ಕಲ್ಲಿನ ಮೇಲೆ ಬಿದ್ದಿರಬೇಕು. “ಬದಲಿ ಮಾಡಿಸ್ಲೇನಜ್ಜಿ?” ಎಂದಳು ಅಮರಿ. “ಇದಕ್ಕೇನಾಗೈತಿ? ಕೂಳು ಹಿಡಿತೈತಲ್ಲ,” ಎಂದಳು ಅಜ್ಜಿ.

ಕಬಾಬು ಬಾಯಿಗಿಟ್ಟ ಮೇಲೆ ಅಮರಿಗೆ ಯಾವ ಚಿಂತೆಯೂ ನೆನಪಿರಲಿಲ್ಲ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಖಾರವೆಂದರೆ ಖಾರ. ಕಣ್ಣಲ್ಲಿ ನೀರು ಬಂದರೂ ಕೈ ನಿಲ್ಲಲಿಲ್ಲ. ವನಜಾ ಹೇಳಿದ್ದು ಸುಳ್ಳಾಗಿರಲಿಲ್ಲ. ಅಪ್ಪ ತನ್ನ ಪ್ಲೇಟಿನದನ್ನೂ ಎತ್ತಿ ಅಜ್ಜಿಯ ಪ್ಲೇಟಿಗೆ ಹಾಕುತ್ತಿದ್ದ. “ನೀ ತಿನ್ನೋ ಬಸ್ಸ್ಯಾ,” ಎನ್ನುತ್ತಲೇ ಅಜ್ಜಿ ಎಲ್ಲವನ್ನೂ ಮುಗಿಸುತ್ತಿದ್ದಳು. ಹಲ್ಲಿಲ್ಲದ ಬಾಯಿ ಎಷ್ಟು ಕೆಲಸ ಮಾಡುತ್ತದೆ ಎಂದು ಅಂದು ಎಲ್ಲರಿಗೂ ಗೊತ್ತಾಯಿತು.

ಅಷ್ಟರಲ್ಲಿ ಪಕ್ಕದ ಟೇಬಲ್ಲು ಖಾಲಿಯಾಯಿತು. ಬಂದು ಕೂತವರು ಯಾರೆಂದು ನೋಡಿದರೆ ನರಸಣ್ಣ ಮತ್ತು ವನಜಾ! ವನಜಾ ಕೈ ಬೀಸಿದಳು. ಅಮರಿಯೂ ಎಣ್ಣೆಯ ಕೈಯನ್ನೇ ಬೀಸಿದಳು. ಅಜ್ಜಿ ಕುರ್ಚಿಯ ಮೇಲಿದ್ದಳು, ಜೋರಾಗಿ ಮಾತಾಡಿರಲಿಲ್ಲ, ಸೆರಗಿನಲ್ಲಿ ಏನೂ ಕಟ್ಟಿಕೊಂಡಿರಲಿಲ್ಲ. ಅಮರಿಗೆ ಗೆದ್ದಷ್ಟು ಖುಷಿಯಾಯಿತು.

“ಸಾಬ್ರೇ, ಎರಡು ಪ್ಲೇಟ್ ಕಬಾಬ್!” ಎಂದು ನರಸಣ್ಣ ಕೂಗಿದ.

“ಪ್ಲೇಟ್ ಬರ್ಲಿ ಅಣ್ಣಾರ!” ಎಂದರು ಹಸನ್‌ಸಾಬರು.

ಊಟ ಮುಗಿಯಿತು. ಅಪ್ಪ ದುಡ್ಡು ಕೊಡಲು ಗಲ್ಲೆಯ ಕಡೆಗೆ ಹೋದ. ಅವ್ವ ಹೊರಗೆ ಎಲೆ ಅಡಿಕೆ ತರಲು ಹೋದಳು. ಅಮರಿ ಬೆರಳು ನೆಕ್ಕಿ ತಲೆಯೆತ್ತಿದರೆ ಅಜ್ಜಿಯ ಕುರ್ಚಿ ಖಾಲಿ. ಪ್ಲೇಟೂ ಇಲ್ಲ.

ಅಜ್ಜಿ ನಳದ ಹತ್ತಿರವಿದ್ದಳು. ಸೀರೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು, ಒಲೆಯ ಕೆಳಗೆ ಬಿದ್ದಿದ್ದ ಬೂದಿಯನ್ನು ಹಿಡಿ ತುಂಬ ತೆಗೆದುಕೊಂಡು ತನ್ನ ಪ್ಲೇಟನ್ನು ಗಸಗಸ ತಿಕ್ಕುತ್ತಿದ್ದಳು.

ಟೇಬಲ್ಲುಗಳ ಕಡೆಯಿಂದ ಎಲ್ಲವೂ ಕಾಣುತ್ತಿತ್ತು. ಒಬ್ಬಿಬ್ಬರು ತಿರುಗಿ ನೋಡಿದರು. ವನಜಾ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆಂದಳು. ಅಮರಿಯ ಮುಖ ಒಲೆಯ ಮುಂದೆ ನಿಂತಂತೆ ಬಿಸಿಯಾಯಿತು. ಅವಳು ಓಡಿಹೋಗಿ ಅಜ್ಜಿಯ ರಟ್ಟೆ ಹಿಡಿದಳು.

“ಅಜ್ಜಿ, ಏಳು! ಇದು ಹೋಟೆಲು, ನಮ್ಮನಿ ಅಲ್ಲ. ಇಲ್ಲಿ ನಾವು ತೊಳೆಂಗಿಲ್ಲ!”

“ಆತವ್ವ, ಮುಗೀತು.”

ಮಾಬುಬೀಯೂ ಅಂದಳು, “ಬಿಡವ್ವಾ, ನಾ ತೊಳೀತೀನಿ. ಅಲ್ಲೇ ಇಡ್ರಿ.”

“ನಂದು ನಾ ತೊಳ್ಕೋತೀನಿ ತಾಯಿ. ನಿಮಗ್ಯಾಕ ತ್ರಾಸು?”

“ಯಾಕ ಅಜ್ಜಿ? ಎಲ್ಲಾರೂ ನೋಡಾಕತ್ತಾರ!” ಎಂದಳು ಅಮರಿ.

ಅಜ್ಜಿಗೆ ಮೊಮ್ಮಗಳ ಸಿಟ್ಟು ಅರ್ಥವಾಗಲಿಲ್ಲ. ತಿಕ್ಕುತ್ತಲೇ, ಭತ್ತದ ರೇಟು ಹೇಳುವಷ್ಟು ಸಾದಾ ದನಿಯಲ್ಲಿ ಹೇಳಿದಳು. “ನಾ ನಾಟಿ ಮಾಡಾಕ ಹೋಗ್ತಿದ್ನೆಲ್ಲ, ಅಲ್ಲೊಂದು ಚಾದ ಹೋಟೆಲ್ ಇತ್ತು. ನಮ್ಮ ಕೇರ್ಯಾರ ಚಾ ಕುಡಿಯೂ ಬಸಿ ಬ್ಯಾರೇನ ಇಟ್ಟಿದ್ರು. ಒಳಗಲ್ಲ, ಹೊರಗ ಗ್ವಾಡಿ ಮ್ಯಾಲ. ನಾವ ತಗೋಬೇಕು, ಅವರು ಮ್ಯಾಲಿಂದ ಚಾ ಸುರೀತಿದ್ರು. ಕುಡುದು, ಬೂದಿ ಹಚ್ಚಿ ತೊಳ್ದು, ಅಲ್ಲೇ ಗ್ವಾಡಿ ಮ್ಯಾಲ ಬೋರಲು ಹಾಕಿ ಬರಬೇಕು. ಮರೆತ್ರ ಬಯ್ಯೋರು. ಒಮ್ಮೆ ನಿಮ್ಮಪ್ಪ ಸಣ್ಣಾಂವ, ಹಂಗ ಬಿಟ್ಟು ಓಡಿ ಬಂದಿದ್ದ. ಹೊಡದ್ರು ಅವಂಗ.”

“ಯಪ್ಪಗ?”

“ಹೂಂ. ಆಮ್ಯಾಲ ನಾನ ಹೋಗಿ ತೊಳ್ದಿಟ್ಟು ಬಂದೆ.”

ಅಮರಿಯ ಕೈ ಸಡಿಲವಾಯಿತು. ಸಮಾಜ ಪಾಠದಲ್ಲಿ ಅದರ ಬಗ್ಗೆ ಒಂದು ಪ್ರಶ್ನೆ ಇತ್ತು. ಅಸ್ಪೃಶ್ಯತೆ ಎಂದರೇನು? ಅವಳು ಉತ್ತರ ಬಾಯಿಪಾಠ ಮಾಡಿ, ಟೆಸ್ಟಿನಲ್ಲಿ ಬರೆದು, ಪೂರ್ತಿ ಮಾರ್ಕ್ಸ್ ತೆಗೆದುಕೊಂಡಿದ್ದಳು. ಆ ಪಾಠದಲ್ಲಿ ಅಜ್ಜಿಯೂ ಇರಲಿಲ್ಲ, ಬಸಿಯೂ ಇರಲಿಲ್ಲ. ಸಣ್ಣ ಹುಡುಗನಾಗಿದ್ದ ಅಪ್ಪ ಅಳುತ್ತ ನಿಂತದ್ದೂ ಇರಲಿಲ್ಲ.

ಅಜ್ಜಿ ಪ್ಲೇಟನ್ನು ನೀರಿಗೆ ಹಿಡಿದಳು. ಬೂದಿ ಹೋಗಿ ಸ್ಟೀಲು ಫಳಫಳ ಅಂದಿತು. ಅಲ್ಲಿದ್ದ ಯಾವ ಪ್ಲೇಟೂ ಅಷ್ಟು ಚೊಕ್ಕ ಇರಲಿಲ್ಲ. ಅಜ್ಜಿ ಎದ್ದು ನಿಂತು ಸುತ್ತಮುತ್ತ ನೋಡಿದಳು.

“ಇದನ್ನ ಎಲ್ಲಿಡ್ಲಿ ತಾಯಿ? ಹೊರಗ ಗ್ವಾಡಿ ಮ್ಯಾಲ ಇಡ್ಲೇನು?” ಎಂದು ಮಾಬುಬೀಯನ್ನು ಕೇಳಿದಳು.

ಮಾಬುಬೀಗೆ ತಲೆಬುಡ ತಿಳಿಯಲಿಲ್ಲ. “ಗ್ವಾಡಿ ಮ್ಯಾಲ ಯಾಕವ್ವಾ, ಕಾಗಿ ಒಯ್ಯಾಕೇನು? ಇಲ್ಲಿ ಪ್ಲೇಟ್ ಇಲ್ದ ಒದ್ದಾಡಾಕತ್ತೀವಿ. ತರ್ರಿ ಇತ್ಲಾಗ!” ಎಂದವಳೇ ಅಜ್ಜಿಯ ಕೈಯಿಂದ ಪ್ಲೇಟು ಕಿತ್ತುಕೊಂಡು ಒಲೆಯ ಕಡೆಗೆ ಚಾಚಿದಳು.

ಹಸನ್‌ಸಾಬರು ಅದನ್ನು ಒರೆಸಲೂ ಇಲ್ಲ. ಸರಳಿನಿಂದ ಕಬಾಬು ಜಾರಿಸಿ, ಉಳ್ಳಾಗಡ್ಡಿ ಚೆಲ್ಲಿ, “ಅಣ್ಣಾರದು ಬಂತು!” ಎಂದು ತಾವೇ ಒಯ್ದು ನರಸಣ್ಣನ ಮುಂದೆ ಇಟ್ಟರು.

“ಅಯ್ಯ, ಅದು ನಂದು...” ಎಂದಳು ಅಜ್ಜಿ. ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಅವಳು ಕೈ ಮುಂದೆ ಚಾಚಿ, ಚಾಚಿದ ಕೈಯನ್ನು ಹಾಗೆಯೇ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಅಮರಿಯ ಮಣಿಕಟ್ಟು ಹಿಡಿದಳು. ಅಜ್ಜಿಯ ಕೈ ಒದ್ದೆಯಾಗಿತ್ತು, ಹಿಡಿತ ಬಿಗಿಯಾಗಿತ್ತು. ಅಜ್ಜಿ ಹೆದರಿದ್ದಾಳೆ ಎಂದು ಅಮರಿಗೆ ಗೊತ್ತಾಯಿತು. ಅಮರಿಗೂ ಹೆದರಿಕೆಯಾಯಿತು.

ಇಬ್ಬರೂ ನಾಲ್ಕು ಹೆಜ್ಜೆ ಮುಂದೆ ಬಂದು ನರಸಣ್ಣನ ಕುರ್ಚಿಯ ಹಿಂದೆ ನಿಂತರು.

ಬಾಗಿದ ಅಂಚು ನರಸಣ್ಣನ ಕಡೆಗೇ ಇತ್ತು. ಅವನು ಅದರ ಮೇಲೆ ಹೆಬ್ಬೆರಳಿಟ್ಟು ಪ್ಲೇಟನ್ನು ಹತ್ತಿರ ಎಳೆದುಕೊಂಡ. ಒಂದು ತುಂಡು ಮುರಿದ. ಊದಿದ. ಬಾಯಿಗೆ ಹಾಕಿಕೊಂಡ. ಅಜ್ಜಿ ಉಸಿರು ಹಿಡಿದು ನೋಡುತ್ತಿದ್ದಳು. ನರಸಣ್ಣ ಅಗಿದ, ನುಂಗಿದ, ಮತ್ತೊಂದು ತುಂಡು ಮುರಿದ. ವನಜಾ ಕೂಡ ಅದೇ ಪ್ಲೇಟಿಗೆ ಕೈ ಹಾಕಿದಳು.

ಸ್ವಲ್ಪ ಹೊತ್ತಿಗೆ ನರಸಣ್ಣನಿಗೆ ಬೆನ್ನ ಹಿಂದೆ ಯಾರೋ ಇದ್ದಾರೆ ಅನ್ನಿಸಿತು. ತಿರುಗಿ ನೋಡಿದ.

“ಏನವ್ವಾ, ಜಾಗ ಬೇಕೇನು?” ಎಂದ, ಬಾಯಿ ತುಂಬ ಕಬಾಬು ಇಟ್ಟುಕೊಂಡೇ. “ನಮ್ದು ಈಗ ಶುರು ಆಗೈತಿ. ತಡಾ ಆಗ್ತೈತಿ ನೋಡ್ರಿ.”

“ಆಗ್ಲಪ್ಪ,” ಎಂದಳು ಅಜ್ಜಿ. ಮಾತಾಡಿದರೆ ಆಚೆ ಓಣಿಗೆ ಕೇಳಿಸುವ ಅಜ್ಜಿ, ಆಗ ಎಷ್ಟು ಮೆಲ್ಲಗೆ ಮಾತಾಡಿದಳೆಂದರೆ ಅಮರಿಗೇ ಸರಿಯಾಗಿ ಕೇಳಿಸಲಿಲ್ಲ. “ಸಾವಕಾಶ ಉಣ್ಣು.”

ವನಜಾ ಅಮರಿಯ ಮುಖ ನೋಡಿ ಮತ್ತೊಮ್ಮೆ ನಕ್ಕಳು. ಅಮರಿಗೆ ಏನೂ ಅನ್ನಿಸಲಿಲ್ಲ. ಅವಳ ಕಣ್ಣೆಲ್ಲ ಪ್ಲೇಟಿನ ಮೇಲಿತ್ತು. ಅರ್ಧ ಖಾಲಿಯಾಗಿತ್ತು. ಮಣಿಕಟ್ಟಿನ ಮೇಲಿದ್ದ ಅಜ್ಜಿಯ ಹಿಡಿತ ಈಗ ಸಡಿಲವಾಗಿತ್ತು.

ಬಾಗಿಲಲ್ಲಿ ಅಪ್ಪ ಕಂಡ. ಅವ್ವನೂ ಎಲೆ ಅಡಿಕೆ ಹಿಡಿದು ಬಂದಿದ್ದಳು. “ಉಂಡಾತಲ್ಲ, ಮತ್ಯಾಕ ನಿಂತೀರಿ? ಬರ್ರಿ ಹೋಗೂಣು,” ಎಂದು ಅಪ್ಪ ಕರೆದ.

ಅಮರಿ ತಿರುಗಲಿಲ್ಲ.

“ತಡಿ ಯಪ್ಪಾ,” ಎಂದಳು. “ಇನ್ನಾ ಉಣ್ಣಾಕತ್ತಾರ.”