ಇಳಿಯದ ಭುಜ

"ಭುಜ ಸ್ವಲ್ಪ ಇಳಿಸಿ ಮೇಡಂ."

"ಇಳಿಸಿದೀನಿ."

"ಇನ್ನೂ ಸ್ವಲ್ಪ..."

"ಇದು ಇಳಿಯೋದಲ್ಲ ಮಾಸ್ಟ್ರೇ. ಕಷ್ಟಪಟ್ಟು ಬೆಳೆಸಿದ್ದು."

ಅಳತೆ ಟೇಪು ಹಿಡಿದಿದ್ದ ಟೈಲರನ ಕೈ ಅಲ್ಲೇ ನಿಂತಿತು. ಕನ್ನಡಿಯಲ್ಲಿ ಇಬ್ಬರ ಕಣ್ಣೂ ಕೂಡಿದವು. ಅವಳು ನೋಟ ತಗ್ಗಿಸಲಿಲ್ಲ. ತಗ್ಗಿಸಿದ್ದು ಅವನೇ.

ಅವಳು ಹಲ್ಲಿನ ಡಾಕ್ಟರು. ದಿನವಿಡೀ ಮಂದಿಯ ಬಾಯಿಯ ಮೇಲೆ ಬಗ್ಗಿ ಬಗ್ಗಿ ಕತ್ತು ಮರಗಟ್ಟಿ, ಒಂದು ಕಾಲಕ್ಕೆ ತಲೆ ಬಾಚಿಕೊಳ್ಳುವುದೂ ಕಷ್ಟವಾಗಿತ್ತು. ಆಗ ಜಿಮ್ ಸೇರಿದಳು. ಅಲ್ಲಿನ ಕೋಚಕ್ಕ ಎರಡೂ ಕೈಗೆ ಡಂಬಲ್ ಕೊಟ್ಟು, ಭುಜವನ್ನು ಕಿವಿಯತ್ತ ಎತ್ತಿ ನಿಧಾನವಾಗಿ ಇಳಿಸಲು ಕಲಿಸಿದಳು. ಬರಬರುತ್ತಾ ನೋವು ಹೋಯಿತು. ಕತ್ತಿನಿಂದ ಭುಜಕ್ಕೆ ಇಳಿಯುವ ಸ್ನಾಯು, ಜಿಮ್ಮಿನವರು ಟ್ರಾಪ್ಸ್ ಅನ್ನುತ್ತಾರಲ್ಲ, ಅದು ಉಬ್ಬಿ ನಿಂತಿತು.

ನೋವು ಹೋದ ಮೇಲೂ ಅವಳು ಬಿಡಲಿಲ್ಲ. ಯಾಕೆಂದರೆ ಅವಳಿಗೆ ಇಷ್ಟವಾಗಿತ್ತು. ಅದಕ್ಕಿಂತ ದೊಡ್ಡ ಕಾರಣ ಬೇಕೇ?

ಬೇಕು ಅನ್ನುವವರು ಮನೆಯಲ್ಲೇ ಇದ್ದರು.

"ಕತ್ತೇ ಕಾಣಲ್ವಲ್ಲೇ," ಎಂದು ಅಮ್ಮ ದಿನಾ ರಾಗ ಎಳೆಯುತ್ತಿದ್ದಳು. "ತೂಕ ಎತ್ತು, ಬೇಡ ಅನ್ನಲ್ಲ. ಈ ಭುಜದ್ದೊಂದು ಬಿಟ್ಟುಬಿಡು. ಯಾವ ಗಂಡು ಒಪ್ತಾನೆ ಹೇಳು."

ಜಿಮ್ಮಿನಲ್ಲೂ ಬಿಟ್ಟಿ ಸಲಹೆಗೆ ಬರವಿರಲಿಲ್ಲ. "ಹೆಂಗಸರಿಗೆ ಟ್ರಾಪ್ಸ್ ಯಾಕೆ ಮೇಡಂ?" ಅಂದವನಿಗೆ, "ನಿಮಗೆ ಯಾಕೆ ಬೇಕೋ ಅದಕ್ಕೇ," ಎಂದು ಹೇಳಿ ಇನ್ನೂ ಭಾರದ ಡಂಬಲ್ ಎತ್ತಿಕೊಂಡಿದ್ದಳು.

ಆದರೆ ತಂಗಿಯ ಮದುವೆಗೆಂದು ಗೌನ್ ಹೊಲಿಸಲು ಹೋದ ಆ ಅಂಗಡಿಯಲ್ಲಿ ಯಾರೂ ಯಾಕೆ ಎಂದು ಕೇಳಲಿಲ್ಲ.

"ನೋಯಲ್ವಾ?" ಎಂದಷ್ಟೇ ಕೇಳಿದ ಟೈಲರ್.

"ಮೊದಲು ನೋಯ್ತಿತ್ತು. ನಿಮ್ಮ ಕತ್ತು?"

"ಮಿಷಿನ್ ಮುಂದೆ ಕೂತೋರಿಗೆ ನೋವು ಇದ್ದದ್ದೇ ಬಿಡಿ," ಎಂದು ಕತ್ತು ಒತ್ತಿಕೊಳ್ಳುತ್ತಾ ನಕ್ಕ.

ಆ ನಗುವಿಗೇ ಅವಳು ಸೋತದ್ದು. ಆಮೇಲೆ ಟ್ರಯಲ್‌ಗೆ ಬನ್ನಿ ಎಂದು ಅವನು ಬೇಕಿದ್ದಕ್ಕೂ ಕರೆದ, ಬೇಡದ್ದಕ್ಕೂ ಕರೆದ. ತೋಳಿನ ಅಳತೆಯನ್ನು ಯಾರಾದರೂ ಅಷ್ಟು ಸಲ ಮರೆಯುತ್ತಾರೆಯೇ? ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಹೋಗುತ್ತಿದ್ದಳು.

'ಇವನು ನನ್ನನ್ನು ನಾನಿರುವ ಹಾಗೇ ನೋಡ್ತಾನೆ...' ಎಂದುಕೊಂಡಿದ್ದಳು.

ಗೌನ್ ಸಿದ್ಧವಾದ ದಿನ ಅಮ್ಮನೂ ಜೊತೆಗೆ ಬಂದಿದ್ದಳು. ತೊಟ್ಟು ಕನ್ನಡಿಯ ಮುಂದೆ ನಿಂತಾಗ ಅವಳಿಗೆ ತನ್ನ ಗುರುತೇ ಸಿಗಲಿಲ್ಲ. ಕತ್ತಿನ ಸುತ್ತ ಎತ್ತರದ ಕಾಲರ್. ಭುಜದ ತುದಿಗೆ ಪ್ಯಾಡ್. ಎದುರಿಗೆ ನೆರಿಗೆಯ ಮೇಲೆ ನೆರಿಗೆ. ಟ್ರಾಪ್ಸ್ ಎಂಬುದು ಅವಳ ಮೈಮೇಲೆ ಹುಟ್ಟಿಯೇ ಇಲ್ಲವೇನೋ ಎನ್ನುವಂತಿತ್ತು.

"ಈಗ ನೋಡು, ಹೆಣ್ಣಿನ ಹಾಗೆ ಕಾಣ್ತೀಯ," ಎಂದಳು ಅಮ್ಮ.

ಟೈಲರನ ಮುಖದಲ್ಲಿ ಹೆಮ್ಮೆ. "ಯಾರಿಗೂ ಗೊತ್ತಾಗಲ್ಲ, ನೋಡಿ."

ಅವಳು ಕನ್ನಡಿ ಬಿಟ್ಟು ಅವನತ್ತ ತಿರುಗಿದಳು. "ಮುಚ್ಚಿ ಅಂತ ನಿಮಗೆ ಹೇಳಿದ್ದು ಯಾರು?"

"ಯಾರೂ ಇಲ್ಲ... ನಾನೇ..."

ಅದೇ ಅವಳನ್ನು ಹೆಚ್ಚು ನೋಯಿಸಿದ್ದು. ಅಮ್ಮ ಹೇಳಿಸಿದ್ದರೆ ಕ್ಷಮಿಸಬಹುದಿತ್ತು. ಒಳಗೆ ಹೋಗಿ ಬಟ್ಟೆ ಬದಲಿಸಿ, ಗೌನನ್ನು ಮೇಜಿನ ಮೇಲಿಟ್ಟು ಹೊರಟುಬಿಟ್ಟಳು.

ಮರುದಿನ ಜಿಮ್ಮಿನಲ್ಲಿ ಡಂಬಲ್ ಮುಟ್ಟದೆ ಕೂತಳು. 'ಬಿಟ್ಟುಬಿಟ್ಟರೆ ಕರಗಿಹೋಗುತ್ತೆ. ಅಮ್ಮನಿಗೂ ನೆಮ್ಮದಿ. ಅವನೂ...'

ಕೋಚಕ್ಕ ಬಂದು ಪಕ್ಕದಲ್ಲಿ ನಿಂತಳು. "ಬೇಡ ಅಂದ್ರೆ ಬಿಡು ತಾಯಿ, ಬಲವಂತ ಇಲ್ಲ. ಆದ್ರೆ ಬೇಡವಾಗಿರೋದು ನಿನಗೋ, ಬೇರೆಯವರಿಗೋ?"

ಅವಳು ಕಣ್ಣೊರೆಸಿಕೊಂಡಳು. ಎದ್ದು ಡಂಬಲ್ ಎತ್ತಿಕೊಂಡಳು. ಅವನು ಬೇಕು, ನಿಜ. ಆದರೆ ಭುಜ ಬಿಟ್ಟು ಬಾ ಅನ್ನುವುದಾದರೆ ಅವನೂ ಬೇಡ. ಅಳುತ್ತಲೇ ಎತ್ತಿದಳು, ಅಳುತ್ತಲೇ ಇಳಿಸಿದಳು.

ಮದುವೆ ಹತ್ತಿರವಾದಾಗ ಒಂದು ಸಂಜೆ ಅವನು ಜಿಮ್ಮಿನ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಕವರ್. ಕತ್ತು ಒಂದು ಕಡೆಗೆ ವಾಲಿತ್ತು.

"ಕತ್ತಿಗೇನಾಯ್ತು?" ಕೋಪದಲ್ಲೂ ಬಾಯಿಗೆ ಬಂದದ್ದು ಅದೇ.

"ಹಿಡ್ಕೊಂಡಿದೆ. ಇದನ್ನೆಲ್ಲ ಬಿಚ್ಚಿ ಮತ್ತೆ ಹೊಲಿದೆ."

ಕವರಿನಿಂದ ಗೌನ್ ತೆಗೆದ. ಕಾಲರ್ ಇರಲಿಲ್ಲ, ಪ್ಯಾಡ್ ಇರಲಿಲ್ಲ. ಈ ಭುಜದಿಂದ ಆ ಭುಜದವರೆಗೆ ಕತ್ತು ತೆರೆದೇ ಇತ್ತು.

"ಕಸುಬು ಕಲಿಸಿದ ನಮ್ಮಪ್ಪ ಹೇಳ್ತಿದ್ರು, ಒಂದು ಭುಜ ಮೇಲಿದ್ರೆ ಸಮ ಮಾಡು, ಗೂನಿದ್ರೆ ಮುಚ್ಚು, ಗಿರಾಕಿ ಬಾಯಿಬಿಟ್ಟು ಕೇಳಬಾರದು ಅಂತ. ಅಳತೆ ಎಲ್ಲಿ ಹೆಚ್ಚು ಬಂದ್ರೂ ಕತ್ತರಿ ತಾನಾಗೇ ಮುಚ್ಚೋಕೆ ಹೋಗುತ್ತೆ." ಅವನು ಗೌನನ್ನು ಅವಳ ಕೈಗಿಟ್ಟ. "ಅದು ನೀವು ಬೆಳೆಸಿದ್ದು ಅಂತ ಮೊದಲ ದಿನಾನೇ ಹೇಳಿದ್ರಿ. ಕೇಳಿಸ್ಕೊಂಡೂ ಐಬಿನ ಲೆಕ್ಕಕ್ಕೆ ಸೇರಿಸಿದೆ. ತಪ್ಪಾಯ್ತು. ನನಗೆ ನೀವು ಹೀಗೇ ಇಷ್ಟ."

ಅವಳು ಗೌನನ್ನು ಎದೆಗೆ ಒತ್ತಿಕೊಂಡಳು. ಕಣ್ಣು ತುಂಬಿ ಬಂತು.

"ಮದುವೇಲಿ ನಿಮ್ಮಮ್ಮ ಬೈದ್ರೆ?"

"ಬೈತಾರೆ. ನಾನು ಇದನ್ನೇ ಹಾಕ್ಕೋತೀನಿ."

ಅವನು ತಲೆಯಾಡಿಸಲು ಹೋಗಿ 'ಅಮ್ಮಾ' ಎಂದು ಕತ್ತು ಹಿಡಿದುಕೊಂಡ. ಅವಳಿಗೆ ನಗು ತಡೆಯಲಾಗಲಿಲ್ಲ.

"ಈ ಹಿಡಿತ ಬಿಡಲಿ. ಆಮೇಲೆ ದಿನಾ ಇಲ್ಲಿಗೆ ಬರಬೇಕು. ಕೈಗೆ ಡಂಬಲ್ ನಾನೇ ಕೊಡ್ತೀನಿ."

"ನನ್ನ ಕತ್ತೂ ಕಾಣದ ಹಾಗಾದ್ರೆ?"

"ಆಗಲಿ ಬಿಡಿ. ಅಮ್ಮನಿಗೆ ನಾನೇ ಹೇಳ್ತೀನಿ, ನಿನ್ನ ಅಳಿಯನಿಗೂ ಕತ್ತಿಲ್ಲ ಅಂತ."

ಅವನು ಗಾಬರಿಯಿಂದ ನೋಡಿದ. "ಏನಂದ್ರಿ? ಇನ್ನೊಂದ್ಸಲ ಹೇಳಿ."

"ಮೊದಲು ಭುಜ ಇಳಿಸಿ ಮಾಸ್ಟ್ರೇ," ಎಂದು ಅವಳು ಅವನ ಬಿಗಿದ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟಳು. "ಆಮೇಲೆ ಹೇಳ್ತೀನಿ."