ಒಂದೇ ಪೋರ್ಟಿನ ಹುಡುಗಿ

ಮೌನಿಕಾ ಹಿಡಿದಿದ್ದ ತಟ್ಟೆಯಲ್ಲಿ ಕಾಫಿ ಲೋಟಗಳು ಗಡಗಡ ನಡುಗಿದ ಸದ್ದು ಅಂಬಾಜಿದುರ್ಗ ಬೆಟ್ಟದ ಬಂಡೆಗೆ ಬಡಿದು ಚಿಂತಾಮಣಿಗೆ ವಾಪಸ್ ಬಂತು. ಸುಳ್ಳಲ್ಲ! ಬೇಕಾದರೆ ಬಂಡೆಯನ್ನೇ ಕೇಳಿ.

ನಡುಮನೆಯಲ್ಲಿ ಕೂತಿದ್ದ ಗಂಡು ತಲೆಯೆತ್ತಿ ಅವಳನ್ನು ನೋಡಿದ. ಲೋಟಕ್ಕೆ ಕೈ ಹಾಕಲಿಲ್ಲ. ಹೆಸರು ಕೇಳಲಿಲ್ಲ. ಅಡುಗೆ ಬರುತ್ತಾ ಎಂದೂ ಕೇಳಲಿಲ್ಲ.

"ನಿಮಗೆ ತುಂಬಾ ಸುಸ್ತಾಗಿದೆ ಅನ್ಸುತ್ತೆ. ಮೊದ್ಲು ಕೂತ್ಕೊಳ್ಳಿ" ಎಂದ.

ಮನೆಯಲ್ಲಿ ಗಾಳಿ ನಿಂತುಹೋಯಿತು. ಹೆಣ್ಣು ನೋಡಲು ಬಂದವನೊಬ್ಬ ಹೆಣ್ಣಿಗೆ ಕೂರಲು ಹೇಳಿದ್ದು ಭೂಮಿ ಹುಟ್ಟಿದ ಮೇಲೆ ಅದೇ ಮೊದಲು!

ಅವನು ಚಲಪತಿ. ಶಿಡ್ಲಘಟ್ಟದವನು. ಮಂಡಿಕಲ್ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು.

ಮೌನಿಕಾ ಕೂತಳು. ಕೂತಾಗಲೇ ಅವಳಿಗೆ ತಿಳಿದದ್ದು, ತನ್ನ ಕಾಲುಗಳು ಎಷ್ಟು ನೋಯುತ್ತಿವೆ ಎಂದು.

ಅವಳ ಸುಸ್ತನ್ನು ಲಾರಿಗೆ ಹೇರಿದ್ದರೆ ಆರೂ ಟೈರು ಕೂತುಬಿಡುತ್ತಿದ್ದವು. ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಅವಳು ಕಂಪ್ಯೂಟರ್ ಸೈನ್ಸ್ ಲೆಕ್ಚರರ್. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ಹೆಗಲ ಮೇಲೆ ರುಬ್ಬುವ ಕಲ್ಲಿನ ತಮ್ಮನಂತಹ ಹಳೇ ಲ್ಯಾಪ್‌ಟಾಪು. ಭಾನುವಾರವಾದರೂ ಮಲಗೋಣವೆಂದರೆ ದಲ್ಲಾಳಿ ವೆಂಕಟರವಣಪ್ಪ ಒಂದು ಗಂಡಿನ ಜೊತೆ ಹಾಜರ್!

"ಹುಡುಗಿ ಇದೆ ಸ್ವಾಮಿ. ಚೆನ್ನಾಗಿ ಓದಿದೆ. ತೆಳ್ಳಗಿದೆ. ಮಾತು ಕಮ್ಮಿ."

ಇದೆ... ಇದೆ... ಇದೆ... ಕಬ್ಬಿಣದ ಬೀರು ಮಾರುವವರೂ ಹೀಗೇ ಹೇಳುತ್ತಾರೆ.

ಹಿಂದಿನ ದಿನವೇ ಅವಳು ಅಮ್ಮ ಪಂಕಜಮ್ಮನಿಗೆ ಹೇಳಿದ್ದಳು. "ಇದೇ ಕೊನೆ ಅಮ್ಮ. ಇದೂ ಆಗ್ಲಿಲ್ಲ ಅಂದ್ರೆ ಇನ್ಯಾರ ಮುಂದೇನೂ ತಟ್ಟೆ ಹಿಡಿಯಲ್ಲ. ನನ್ ಕೈಲಿ ಆಗಲ್ಲ."

ಈಗ, ಕೊನೆಯ ಭಾನುವಾರ, ಮೊದಲ ಬಾರಿಗೆ ಅವಳ ಎದೆ ಡವಡವ ಎಂದಿತು. ಇವನು ಹೂಂ ಅಂದರೆ... ನಾನೂ ಹೂಂ ಅಂತೀನಿ!

ಮುಖ ತೊಳೆಯಲು ಹಿತ್ತಲಿಗೆ ಹೋದಳು. ನೀರಿನ ತೊಟ್ಟಿಯ ಆ ಕಡೆ, ಫೋನು ಬಂತೆಂದು ಎದ್ದು ಬಂದಿದ್ದ ಚಲಪತಿ ಮಾತಾಡುತ್ತಿದ್ದ. ತೆಲುಗಿನಲ್ಲಿ. ಈ ಕಡೆಯ ಮನೆಗಳಲ್ಲಿ ಒಂದೇ ಉಸಿರಿನಲ್ಲಿ ಎರಡೂ ಭಾಷೆ ಆಡುತ್ತಾರೆ, ಅದೇನೂ ವಿಶೇಷವಲ್ಲ. ಆದರೆ ಅವಳ ಕಿವಿಗೆ ಬಿದ್ದ ಮಾತು...

"ಚಾಲಾ ಸನ್ನಗಾ ಉಂದಿರಾ! ಚೂಡ್ಡಾನಿಕಿ ಬಾಗುಂದಿ. ಕಾನೀ ಎವರಿತೋನೂ ಕಲವದು. ನಾಕೊದ್ದುರಾ!"

ತುಂಬಾ ತೆಳ್ಳಗೆ. ನೋಡೋಕೆ ಚೆನ್ನ. ಆದರೆ ಯಾರ ಜೊತೆಗೂ ಸೇರಲ್ಲ. ನನಗೆ ಬೇಡಪ್ಪ!

ಮೌನಿಕಾಳ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. ಕೂತ್ಕೊಳ್ಳಿ ಅಂದವನ ಬಾಯಲ್ಲೇ ಈ ಮಾತಾ?

ಅಯ್ಯೋ ಪೆದ್ದು ಹುಡುಗೀ! ಅವನು ಹೇಳಿದ್ದು ನಿನ್ನನ್ನಲ್ಲ!

ಚಲಪತಿಗೆ ಒಂದು ಹುಚ್ಚಿತ್ತು. ಇನ್ನೂ ಹುಟ್ಟದ ಲ್ಯಾಪ್‌ಟಾಪುಗಳ ಜಾತಕ ಬರೆಯುವ ಹುಚ್ಚು. ಮುಂದಿನ ವರ್ಷ ಒಂದು ಬರುತ್ತದಂತೆ, ಹಪ್ಪಳದಷ್ಟು ತೆಳುವಂತೆ, ಫ್ಯಾನೇ ಇಲ್ಲವಂತೆ, ವೈರು ಸಿಕ್ಕಿಸಲು ಇಡೀ ಮೈಗೆ ಒಂದೇ ಪೋರ್ಟಂತೆ, ಹಾಗಾಗಿ ಯಾರ ಜೊತೆಗೂ ಸೇರುವುದಿಲ್ಲವಂತೆ! ಈ ಅಂತೆಗಳ ಮೇಲೆ ಅವನೂ ಗೆಳೆಯ ಮೋಹನ್‌ಬಾಬುವೂ ಆಡಿದ ಮಾತನ್ನು ಹಗ್ಗ ಹೊಸೆದಿದ್ದರೆ ಗೌರಿಬಿದನೂರನ್ನು ಮೂರು ಸುತ್ತು ಕಟ್ಟಬಹುದಿತ್ತು. ಆವತ್ತು ಆ ಪುಣ್ಯಾತ್ಮ ಅದೇ ಹೊತ್ತಿಗೆ ಫೋನು ಮಾಡಿ ಹೊಸ ಸುದ್ದಿ ಒದರಿದ್ದ.

ಕನ್ನಡದಲ್ಲಾಗಿದ್ದರೆ ಗುಟ್ಟು ಅಲ್ಲೇ ಒಡೆಯುತ್ತಿತ್ತು. ಮೇಷ್ಟ್ರ ಕನ್ನಡದಲ್ಲಿ ಲ್ಯಾಪ್‌ಟಾಪು ಇದೆ, ಹುಡುಗಿ ಇದ್ದಾಳೆ. ತೆಲುಗಿನಲ್ಲಿ ಲ್ಯಾಪ್‌ಟಾಪೂ ಉಂದಿ, ಹುಡುಗಿಯೂ ಉಂದಿ! ಆ ಒಂದು 'ಉಂದಿ' ಎರಡು ಮನೆಗಳ ಮೇಲೆ ಬೆಟ್ಟದಂತೆ ಉರುಳಿತು.

ಗಂಡಿನ ಕಡೆಯವರು ಹೋದ ಮೇಲೆ ಪಂಕಜಮ್ಮ ಕೇಳಿದರು. "ಏನಮ್ಮಾ ಅನ್ನಲಿ? ಅವರಿಗೆಲ್ಲಾ ಒಪ್ಪಿಗೆ ಇರೋ ಹಂಗಿದೆ."

"ಬೇಡ ಅನ್ನು."

"ಯಾಕೆ ಕಣೇ? ಹುಡುಗ ಚೆನ್ನಾಗಿದಾನಲ್ಲ!"

"ಸುಸ್ತಾಗಿದೆ ಅಮ್ಮ... ಅಷ್ಟೇ."

ಪಂಕಜಮ್ಮ ಮಗಳ ಮುಖ ನೋಡಿದರು. ಕಾಫಿ ಲೋಟಗಳನ್ನು ತಾವೇ ತೊಳೆದರು.

ಕೆಲವು ವಾರಗಳಾದವು. ಸಂಜೆ ಚಿಕ್ಕಬಳ್ಳಾಪುರದಿಂದ ಹೊರಟ ಬಸ್ಸಿನಲ್ಲಿ ಮೌನಿಕಾ ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ್ದಳು. ಒಳಗೆ ಜನ ಎಷ್ಟೆಂದರೆ ಕಂಡಕ್ಟರಿಗೂ ಉಸಿರಾಡಲು ಟಿಕೆಟ್ ತಗೊಳ್ಳಬೇಕಿತ್ತು.

ಮುಂದಿನ ಸೀಟಿನಿಂದ ಒಂದು ದನಿ. ಪರಿಚಯದ ದನಿ!

"ಚಾಲಾ ಸನ್ನಗಾ ಉಂದಿರಾ ಮೋಹನಾ..."

ಕಣ್ಣು ತಟ್ಟನೆ ತೆರೆಯಿತು. ಅವನೇ! ಬೇಡ ಅಂದ ಮೇಲೂ ಬಸ್ಸಿನ ತುಂಬ ನನ್ನ ಸುದ್ದೀನಾ? ಕೋಪಕ್ಕೆ ಎದ್ದು ನಿಲ್ಲಬೇಕು ಎನ್ನುವಷ್ಟರಲ್ಲಿ...

"ಒಕಟೇ ಪೋರ್ಟುರಾ! ಚಾರ್ಜರ್ ಪೆಡಿತೇ ಪ್ರೊಜೆಕ್ಟರ್‌ಕಿ ಚೋಟು ಲೇದು!"

ಪೋರ್ಟು? ಚಾರ್ಜರ್ ಹಾಕಿದರೆ... ಪ್ರೊಜೆಕ್ಟರಿಗೆ ಜಾಗ ಇಲ್ಲ?

ಮೌನಿಕಾ ಹಾಗೇ ಕೂತಳು. ತೆಳ್ಳಗೆ... ಯಾರ ಜೊತೆಗೂ ಸೇರಲ್ಲ... ದೇವರೇ! ತಾನು ಒಂದು ಲ್ಯಾಪ್‌ಟಾಪಿನ ಮೇಲೆ ಮುನಿಸಿಕೊಂಡು ಒಂದು ಸಂಬಂಧವನ್ನೇ ಮುರಿದಿದ್ದಳು. ಅದೂ ಇನ್ನೂ ಹುಟ್ಟದ ಲ್ಯಾಪ್‌ಟಾಪಿನ ಮೇಲೆ!

ಫೋನಿನ ಆ ಕಡೆ ಗೆಳೆಯ ಬೇರೇನೋ ಕೇಳಿರಬೇಕು. ಚಲಪತಿಯ ದನಿ ಇಳಿಯಿತು. ಮಾತು ಕನ್ನಡಕ್ಕೆ ತಿರುಗಿತು.

"ಅವರು ಬೇಡ ಅಂದ್ರು ಕಣೋ. ತಪ್ಪಿಲ್ಲ ಬಿಡು, ಪಾಪ, ಎಷ್ಟು ಸುಸ್ತಾಗಿದ್ರು ಗೊತ್ತಾ? ಮತ್ತೆ ಹೋಗಿ ಕಾಡ್ಬಾರ್ದು. ಬೇರೆ ಹುಡುಗಿ? ಸದ್ಯಕ್ಕೆ ಬೇಡಪ್ಪ. ಇಡ್ತೀನಿ."

ಬಸ್ಸು ಒಮ್ಮೆ ಎತ್ತಿ ಹಾಕಿತು. ಅವಳ ಬ್ಯಾಗು ಜಾರಿ ಅವನ ಸೀಟಿನ ಕೆಳಗೆ ನುಗ್ಗಿತು. ಜಾರಿತೋ, ಜಾರಿಸಿದಳೋ... ಅದನ್ನು ನನ್ನನ್ನು ಕೇಳಬೇಡಿ!

ಎತ್ತಿಕೊಡಲು ತಿರುಗಿದ ಚಲಪತಿ ಕಲ್ಲಾದ.

"ಮೇ... ಮೇಡಂ, ನೀವಾ?"

"ಒಂದೇ ಪೋರ್ಟು ಅಂದ್ರಲ್ಲ ಸಾರ್, ಅದೇನಾ ಯಾರ ಜೊತೇನೂ ಸೇರಲ್ಲ ಅಂದಿದ್ದು? ನಮ್ಮನೆ ಹಿತ್ತಲಲ್ಲಿ ನಿಂತ್ಕೊಂಡು?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನ ಮುಖ ಸುಟ್ಟ ಬದನೆಕಾಯಾಯಿತು.

"ಅಯ್ಯಯ್ಯೋ... ನೀವು ಕೇಳಿಸ್ಕೊಂಡ್ರಾ? ನಿಮ್ಮನ್ನ ಅಂದ್ಕೊಂಡ್ರಾ?"

"ತೆಳ್ಳಗಿರೋಳು ನಾನು. ಮಾತು ಕಮ್ಮಿ ಇರೋಳೂ ನಾನೇ. ಇನ್ಯಾರು ಅಂದ್ಕೊಳ್ಳಲಿ?" ಅವಳು ಮುಂದಿನ ಸೀಟಿನ ಕಂಬಿ ಹಿಡಿದು ಬಾಗಿದಳು. "ಎಲ್ರೂ ಬಂದು ನೋಡಿ, ಇದೆ, ಇಲ್ಲ, ಸಾಕು, ಸಾಲ್ದು ಅಂತ ಹೇಳಿ ಹೋಗೋರು. ನೀವೊಬ್ರೇ ಸಾರ್ ಕೂತ್ಕೊಳ್ಳಿ ಅಂದಿದ್ದು. ಅದಕ್ಕೇ... ಜಾಸ್ತಿ ನೋವಾಯ್ತು."

ಮೌನಿಕಾಳ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ಚಲಪತಿಯ ಹೆಗಲಿಗೆ ತಿವಿದರು. "ಎದ್ದು ಬಾರಪ್ಪಾ ಹಿಂದಕ್ಕೆ! ಕತ್ತು ಉಳುಕಿಸ್ಕೊಂಡು ಏನ್ ಮಾತು? ಇಗೋ, ನನ್ ಜಾಗದಾಗೆ ಕೂತ್ಕೊ."

ಅವನು ಬಂದು ಕೂತ. ಅವಳ ಬ್ಯಾಗು ಅವನ ತೊಡೆಯ ಮೇಲೆ.

"ಇಷ್ಟು ಭಾರಾನಾ ದಿನಾ ಹೊರೋದು?"

"ಎಲ್ಲಾ ಪೋರ್ಟೂ ಇದೆಯಲ್ಲ, ಅದಕ್ಕೆ." ಅವಳು ದಣಿದ ನಗೆ ನಕ್ಕಳು. "ನೀವು ಬೈತಿದ್ರಲ್ಲ, ಆ ತೆಳ್ಳಗಿರೋದೇ ಬೇಕು ನನಗೆ. ಹೆಗಲು ನೋಯುತ್ತೆ ಸಾರ್."

ಅವನು ಬ್ಯಾಗನ್ನು ನೋಡಿದ. ಅವಳ ಹೆಗಲನ್ನು ನೋಡಿದ. ಇಷ್ಟು ವರ್ಷ ಅವನು ಪೋರ್ಟು ಎಣಿಸಿದ್ದ, ಹೆಗಲಿನ ಬಗ್ಗೆ ಯೋಚಿಸಿಯೇ ಇರಲಿಲ್ಲ!

"ಹಂಗಾದ್ರೆ ಅದನ್ನೇ ತಗೊಳ್ಳಿ" ಎಂದ ಮೆಲ್ಲಗೆ. "ಅದಕ್ಕೆ ಬೇಕಾಗೋ ವೈರು, ಅಡಾಪ್ಟರು, ಎಲ್ಲಾ... ನಾನು ಹೊತ್ಕೋತೀನಿ. ದಿನಾ."

ಅವಳು ಕಿಟಕಿಯ ಕಡೆ ತಿರುಗಿದಳು. ಕಣ್ಣು ತುಂಬಿತ್ತು. ಆ ಒಂದು ಹನಿ ಬಿದ್ದಿದ್ದರೆ ದಾರಿಯ ಕೆರೆಗಳೆಲ್ಲ ಕೋಡಿ ಹರಿಯುತ್ತಿದ್ದವು!

"ಶಿಡ್ಲಘಟ್ಟ! ಶಿಡ್ಲಘಟ್ಟ ಇಳಿಯೋರು!"

ಚಲಪತಿ ಅಲುಗಲಿಲ್ಲ. ಕಂಡಕ್ಟರ್ ಹತ್ತಿರ ಬಂದ. "ಸಾರ್, ನಿಮ್ಮೂರು."

"ಚಿಂತಾಮಣಿಗೆ ಒಂದು ಕೊಡಪ್ಪ."

ಬಸ್ಸು ಹೊರಟಿತು. ಚಲಪತಿಯ ಫೋನು ಹೊಡೆದುಕೊಂಡಿತು. ಅವನ ತಾಯಿ ಅಮ್ಮಾಜಮ್ಮ. ಅವರ ದನಿ ಕೇಳಲು ಫೋನೇ ಬೇಕಿರಲಿಲ್ಲ.

"ಎಕ್ಕಡುನ್ನಾವುರಾ? ಎಲ್ಲಿದ್ದೀಯೋ? ಬಸ್ಸು ಹೋಯ್ತು, ನೀನು ಇಳೀಲಿಲ್ಲ ಅಂತ ಬಸ್ ಸ್ಟ್ಯಾಂಡ್ ಟೀ ಅಂಗಡಿ ಬಯ್ಯಪ್ಪ ಹೇಳ್ತಾವ್ನೆ!"

"ಚಿಂತಾಮಣಿಗೆ ಹೋಗ್ತಿದೀನಿ ಅಮ್ಮ. ಮೌನಿಕಾ ಮನೆಗೆ. ಇನ್ನೊಂದ್ಸಲ ಕೇಳಕ್ಕೆ."

"ಆ ಹುಡುಗಿ ಬೇಡ ಅಂತಲ್ಲೋ! ಅದು ಎಕ್ಕಡ ಉಂದಿ ಇಪ್ಪುಡು? ಎಲ್ಲಿದೆ ಈಗ?"

ಚಲಪತಿ ಪಕ್ಕಕ್ಕೆ ನೋಡಿದ. ಅವಳೂ ಉಸಿರು ಹಿಡಿದು ನೋಡುತ್ತಿದ್ದಳು.

"ಉಂದಿ ಅಲ್ಲಮ್ಮ" ಎಂದ, ಒಂದೊಂದು ಅಕ್ಷರ ಬಿಡಿಸಿ. "ಇದ್ದಾಳೆ. ನನ್ನ ಪಕ್ಕದಲ್ಲೇ ಇದ್ದಾಳೆ."

ಫೋನಿಟ್ಟ. ಅವಳ ತಲೆ ತಾನಾಗಿ ಅವನ ಹೆಗಲಿನ ಹತ್ತಿರ ಬಂತು... ನಿಂತಿತು... ಆಮೇಲೆ ಒರಗಿತು.

"ಸುಸ್ತಾಗಿದೆ" ಎಂದಳು.

"ಗೊತ್ತು. ಮಲ್ಕೊಳ್ಳಿ. ಊರು ಬಂದಾಗ ಎಬ್ಬಿಸ್ತೀನಿ."

"ನಿಮ್ಮಮ್ಮಂಗೆ ಹೇಳಿದ್ರಲ್ಲ... ಅದನ್ನ ಇನ್ನೊಂದ್ಸಲ ಹೇಳಿ."

"ಇದ್ದಾಳೆ."

"ಹೂಂ" ಎಂದಳು ಮೌನಿಕಾ, ಕಣ್ಣು ಮುಚ್ಚಿಕೊಂಡೇ.